ತೂಗುಗುಂಡು ಮತ್ತು ಹಿಮಾಲಯದ ಬೇರು

ಮನೆ ಕಟ್ಟುವಾಗ ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆ ಕೆಲಸದವರು ದಾರಕ್ಕೆ ಕಟ್ಟಿದ ತೂಗುಗುಂಡನ್ನು ಇಳಿಬಿಡುವುದನ್ನು ನೀವು ನೋಡಿರುತ್ತೀರಿ. ಗುಂಡಿನ ಓಲಾಟ ನಿಂತ ಮೇಲೆ ದಾರ ಯಾವ ದಿಕ್ಕನ್ನು ತೋರುತ್ತದೆಯೋ ಅದೇ ‘ಕೆಳಗೆ’. ಮೇಸ್ತ್ರಿಗೆ ಅದರಲ್ಲಿ ಸಂಶಯವಿಲ್ಲ. ಆದರೆ ಪಕ್ಕದಲ್ಲಿ ಒಂದು ದೊಡ್ಡ ಬೆಟ್ಟವಿದ್ದರೆ? ಪ್ರತಿಯೊಂದು ವಸ್ತುವೂ ಮತ್ತೊಂದನ್ನು ತನ್ನೆಡೆಗೆ ಸೆಳೆಯುತ್ತದೆ ಎಂದು ನ್ಯೂಟನ್ ಹೇಳಿದ್ದಾನೆ. ಹಾಗಾದರೆ ಭೂಮಿ ಗುಂಡನ್ನು ಕೆಳಕ್ಕೆ ಸೆಳೆಯುವಾಗ ಬೆಟ್ಟ ಅದನ್ನು ಪಕ್ಕಕ್ಕೆ ತುಸುವಾದರೂ ಸೆಳೆಯಲೇಬೇಕು. ಗೋಡೆಯ ಮಟ್ಟಿಗೆ ಈ ವಾಲಿಕೆ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಆದರೆ ಒಂದು ದೇಶವನ್ನೇ ಅಳೆಯಲು ಹೊರಟವರಿಗೆ ಅದು ಅಲ್ಪವಲ್ಲ. 19ನೇ ಶತಮಾನದ ಭಾರತದಲ್ಲಿ ಈ ವಾಲಿಕೆಯಿಂದ ಒಂದು ಲೆಕ್ಕ ತಪ್ಪಿತು. ಆ ತಪ್ಪಿದ ಲೆಕ್ಕವೇ ಪರ್ವತಗಳು ಹೇಗೆ ನಿಂತಿವೆ ಎಂಬುದನ್ನು ತಿಳಿಸಿಕೊಟ್ಟಿತು.

ಬೆಟ್ಟ ಗುಂಡನ್ನು ಸೆಳೆಯುವುದನ್ನು ಮೊದಲು ಅಳೆಯಲು ಯತ್ನಿಸಿದವನು ಫ್ರಾನ್ಸಿನ ಪಿಯೆರ್ ಬೂಗೇ. ಭೂಮಿಯ ಆಕಾರವನ್ನು ನಿರ್ಧರಿಸಲು ದಕ್ಷಿಣ ಅಮೆರಿಕಕ್ಕೆ ಹೋಗಿದ್ದ ತಂಡದಲ್ಲಿದ್ದ ಅವನು 1738ರಲ್ಲಿ ಆಂಡೀಸ್ ಶ್ರೇಣಿಯ ಚಿಂಬೊರಾಸೊ ಪರ್ವತದ ಬದಿಯಲ್ಲಿ ತೂಗುಗುಂಡನ್ನು ಪರೀಕ್ಷಿಸಿದ. ಗುಂಡು ವಾಲಿತ್ತು, ಆದರೆ ಅಷ್ಟು ದೊಡ್ಡ ಪರ್ವತಕ್ಕೆ ತಕ್ಕಷ್ಟಲ್ಲ. ಒಳಗೆಲ್ಲೋ ಪೊಳ್ಳಿರಬಹುದೇ ಎಂಬ ಅನುಮಾನ ಆಗಲೇ ಹುಟ್ಟಿತ್ತು. 1774ರಲ್ಲಿ ಇಂಗ್ಲೆಂಡಿನ ರಾಜ ಖಗೋಳಜ್ಞ ಮ್ಯಾಸ್ಕಲಿನ್ ಸ್ಕಾಟ್ಲೆಂಡಿನ ಷಿಹ್ಯಾಲಿಯನ್ ಎಂಬ ಗುಡ್ಡದ ಎರಡೂ ಬದಿಗಳಲ್ಲಿ ಇದೇ ಪ್ರಯೋಗವನ್ನು ಹೆಚ್ಚು ಎಚ್ಚರದಿಂದ ಮಾಡಿದ. ಎರಡು ಬದಿಯ ವಾಲಿಕೆಯೂ ಸೇರಿ ಸುಮಾರು 11.6 ಸೆಕೆಂಡು ಬಂತು. ಅದರಿಂದ ಚಾರ್ಲ್ಸ್ ಹಟನ್ ಎಂಬ ಗಣಿತಜ್ಞ ಭೂಮಿಯ ಸರಾಸರಿ ಸಾಂದ್ರತೆ ನೀರಿನ ಸುಮಾರು ನಾಲ್ಕೂವರೆ ಪಟ್ಟು ಎಂದು ಲೆಕ್ಕ ಹಾಕಿದ. ಇಂದಿನ ಬೆಲೆ 5.5. ನಕ್ಷೆಯಲ್ಲಿ ಒಂದೇ ಎತ್ತರದ ಬಿಂದುಗಳನ್ನು ಗೆರೆ ಎಳೆದು ಕೂಡಿಸುವ ಉಪಾಯವನ್ನು ಹಟನ್ ಬಳಸಿದ್ದೂ ಈ ಲೆಕ್ಕಕ್ಕಾಗಿಯೇ. ಭೂಗೋಳ ಪಾಠದ ಸಮೋನ್ನತಿ ರೇಖೆಗಳ ಹಿಂದೆಯೂ ಒಂದು ತೂಗುಗುಂಡಿದೆ!

ಇಲ್ಲಿ ‘ಸೆಕೆಂಡು’ ಎಂದರೆ ಕಾಲದ ಸೆಕೆಂಡಲ್ಲ, ಕೋನದ ಸೆಕೆಂಡು. ಒಂದು ಡಿಗ್ರಿಗೆ 60 ಮಿನಿಟು, ಒಂದು ಮಿನಿಟಿಗೆ 60 ಸೆಕೆಂಡು. ಅಕ್ಷಾಂಶದಲ್ಲಿ ಒಂದು ಸೆಕೆಂಡಿನ ವ್ಯತ್ಯಾಸವೆಂದರೆ ನೆಲದ ಮೇಲೆ ಸುಮಾರು 31 ಮೀಟರ್. ಈ ಒಂದು ಸಂಖ್ಯೆ ನೆನಪಿನಲ್ಲಿದ್ದರೆ ಮುಂದಿನ ಕತೆ ಸುಲಭವಾಗುತ್ತದೆ.

ಕತೆಯ ಭಾರತದ ಭಾಗ ಆರಂಭವಾಗುವುದು ನಮ್ಮ ನಾಡಿನಲ್ಲೇ. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಒಂದು ಯೋಜನೆ ಮುಂದಿಟ್ಟ. ಗೆದ್ದ ಸೀಮೆಯ ನಕ್ಷೆ ಬರೆಯುವುದಷ್ಟೇ ಅಲ್ಲ, ಪರ್ಯಾಯ ದ್ವೀಪವನ್ನು ಕರಾವಳಿಯಿಂದ ಕರಾವಳಿಗೆ ತ್ರಿಕೋನಗಳಲ್ಲಿ ಅಳೆಯಬೇಕು, ಅದರ ಜೊತೆಗೇ ಭೂಮಿಯ ಆಕಾರವನ್ನೂ ತಿಳಿಯಬೇಕು ಎಂಬುದು ಅವನ ಹಂಬಲ. ಕಂಪನಿಗೆ ಬೇಕಾಗಿದ್ದದ್ದು ಕಂದಾಯ ಮತ್ತು ಸೇನೆಗೆ ಉಪಯೋಗವಾಗುವ ನಕ್ಷೆ. ಲ್ಯಾಂಬ್ಟನ್ನನಿಗೆ ಬೇಕಾಗಿದ್ದದ್ದು ಭೂಮಿಯ ವಕ್ರತೆ. ಒಂದರ ಖರ್ಚಿನಲ್ಲಿ ಇನ್ನೊಂದು ನಡೆಯಿತು.

1800ರ ಕೊನೆಯಲ್ಲಿ ಬೆಂಗಳೂರಿನ ಹತ್ತಿರ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಲ್ಯಾಂಬ್ಟನ್ ಅಳೆದ. ಅಳೆದದ್ದು 100 ಅಡಿಯ ಒಂದು ಉಕ್ಕಿನ ಸರಪಣಿಯಿಂದ. ಆ ಸರಪಣಿಗೆ ಅದರದೇ ಚರಿತ್ರೆಯಿದೆ. ಲಂಡನ್ನಿನ ರ‍್ಯಾಮ್ಸ್‌ಡೆನ್ ತಯಾರಿಸಿದ ಅದು ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿಯ ಜೊತೆ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿತ್ತು. ಚಕ್ರವರ್ತಿಗೆ ಅದು ಬೇಡವಾಯಿತು. ತಂಡದಲ್ಲಿದ್ದ ಡಿನ್‌ವಿಡಿ ಎಂಬ ವಿಜ್ಞಾನಿಯ ಕೈಸೇರಿ ಕಲ್ಕತ್ತೆಗೆ ಬಂದು, ಕೊನೆಗೆ ಮೈಸೂರು ಸೀಮೆಯ ನೆಲ ಅಳೆಯಿತು. ಕೋನ ಅಳೆಯುವ ದೊಡ್ಡ ಥಿಯೊಡೊಲೈಟ್ ಇಂಗ್ಲೆಂಡಿನಿಂದ ಬರುವಾಗ ಅದನ್ನು ಹೊತ್ತ ಹಡಗನ್ನು ಫ್ರೆಂಚರು ಸೆರೆಹಿಡಿದು ಮಾರಿಷಸ್‌ಗೆ ಒಯ್ದರು. ಅದು ವಿಜ್ಞಾನದ ಉಪಕರಣವೆಂದು ತಿಳಿದ ಮೇಲೆ ಗೌರವದಿಂದ ಮದರಾಸಿಗೆ ಕಳಿಸಿಕೊಟ್ಟರು. ಅರ್ಧ ಟನ್ ತೂಕದ ಇದೇ ಯಂತ್ರವನ್ನು 1808ರಲ್ಲಿ ತಂಜಾವೂರಿನ ದೇವಾಲಯದ ಮೇಲಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಗೋಡೆಗೆ ಅಪ್ಪಳಿಸಿ ಜಜ್ಜಿಹೋಯಿತು. ಲ್ಯಾಂಬ್ಟನ್ ವಾರಗಟ್ಟಲೆ ಡೇರೆಯೊಳಗೆ ಕುಳಿತು ಅದರ ವೃತ್ತವನ್ನು ತಾನೇ ತಟ್ಟಿ ಸರಿಪಡಿಸಿದ.

ಈ ಕೆಲಸದ ನಿಖರತೆ ಎಷ್ಟಿತ್ತು? ಮದರಾಸಿನ ಹತ್ತಿರ 1802ರಲ್ಲಿ ಇನ್ನೊಂದು ಆಧಾರರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋನಗಳ ಮೂಲಕ ಲೆಕ್ಕ ಮಾಡುತ್ತ ಬೆಂಗಳೂರಿಗೆ ಬಂದರು. 1804ರಲ್ಲಿ ಇಲ್ಲಿ ರೇಖೆಯೊಂದನ್ನು ನೇರವಾಗಿ ಅಳೆದಾಗ ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ 3.7 ಇಂಚು. ಏಳು ಮೈಲಿಗೆ ಒಂದು ಗೇಣಿಗಿಂತಲೂ ಕಡಿಮೆ! ಈ ಸಂಖ್ಯೆಯನ್ನೂ ಗುರುತು ಹಾಕಿಕೊಳ್ಳಿ.

1823ರಲ್ಲಿ ಲ್ಯಾಂಬ್ಟನ್ ಹಿಂಗನಘಾಟ್‌ನಲ್ಲಿ, ಸರ್ವೆಯ ದಾರಿಯಲ್ಲೇ ತೀರಿಕೊಂಡ. ಅವನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ ಕನ್ಯಾಕುಮಾರಿಯ ಕಡೆಯಿಂದ ಬಂದ ತ್ರಿಕೋನಗಳ ಸರಪಣಿಯನ್ನು ಹಿಮಾಲಯದ ಬುಡದವರೆಗೆ ಒಯ್ದ. ಎವರೆಸ್ಟ್ ಎಂದೊಡನೆ ಶಿಖರ ನೆನಪಾಗುತ್ತದೆ. ಜೊತೆಗೆ, 1852ರಲ್ಲಿ ರಾಧಾನಾಥ ಸಿಕದಾರರು ಕೋಣೆಗೆ ಓಡಿಬಂದು ಜಗತ್ತಿನ ಅತ್ಯುನ್ನತ ಶಿಖರ ಸಿಕ್ಕಿತೆಂದು ಕೂಗಿದರೆಂಬ ಕತೆಯೂ. ಓಡಿಬಂದದ್ದು ಕತೆ, ಸಿಕದಾರರು ಸರ್ವೆಯ ಮುಖ್ಯ ಗಣಕರಾಗಿದ್ದದ್ದು, ಅವರ ಗಣಿತವನ್ನು ಎವರೆಸ್ಟ್ ಬಾಯಿತುಂಬ ಹೊಗಳಿದ್ದು ನಿಜ. ಆರ್ಕಾಟಿನಿಂದ ಬಂದ ಸೈಯದ್ ಮೀರ್ ಮೊಹ್ಸಿನ್ ಹುಸೇನರು ಯಂತ್ರಗಳನ್ನು ರಿಪೇರಿ ಮಾಡುತ್ತ ಸರ್ವೆಯ ಉಪಕರಣ ತಯಾರಕರ ಹುದ್ದೆಗೇರಿದರು. ಬಾವುಟ ಹಿಡಿದು ಗುಡ್ಡ ಹತ್ತಿದ, ಇರುಳಿಡೀ ದೀಪ ಹಿಡಿದು ನಿಂತ, ಕಾಡಿನ ಜ್ವರಕ್ಕೆ ಸಿಕ್ಕಿ ಸತ್ತ ನೂರಾರು ಖಲಾಸಿಗಳ ಹೆಸರು ಮಾತ್ರ ನಮ್ಮ ಪಠ್ಯಪುಸ್ತಕಗಳಲ್ಲಿಲ್ಲ. ಶಿಖರದ ಕತೆ ಎಲ್ಲರಿಗೂ ಗೊತ್ತು. ಅದೇ ಸರ್ವೆಯ ಇನ್ನೊಂದು ಫಲ ಶಿಖರಕ್ಕಿಂತ ದೊಡ್ಡದೆಂದು ನನಗೆ ಅನಿಸುತ್ತದೆ.

ಎವರೆಸ್ಟ್ ಮೂರು ಸ್ಥಳಗಳನ್ನು ಮುಖ್ಯವಾಗಿ ಆರಿಸಿಕೊಂಡಿದ್ದ. ದಕ್ಷಿಣದಲ್ಲಿ ಬೀದರಿನ ಹತ್ತಿರದ ದಾಮರಗಿದ್ದ, ನಡುವೆ ಮಧ್ಯಭಾರತದ ಸಿರೋಂಜ್ ಬಳಿಯ ಕಲ್ಯಾಣಪುರ, ಉತ್ತರದಲ್ಲಿ ಮುಜಫ್ಫರನಗರದ ಬಳಿಯ ಕಲಿಯಾನ. ಕೊನೆಯ ಎರಡು ಹೆಸರುಗಳು ಕಿವಿಗೆ ಒಂದೇ ತೆರನಾಗಿವೆ. ಹಿಮಾಲಯಕ್ಕೆ ಹತ್ತಿರದ್ದು ಕಲಿಯಾನ, ದೂರದ್ದು ಕಲ್ಯಾಣಪುರ. ಇವೆರಡರ ನಡುವಿನ ದೂರ ಸುಮಾರು 600 ಕಿ.ಮೀ. ಈ ದೂರವನ್ನು, ಅಂದರೆ ಅಕ್ಷಾಂಶಗಳ ವ್ಯತ್ಯಾಸವನ್ನು, ಎರಡು ರೀತಿಯಲ್ಲಿ ಕಂಡುಹಿಡಿಯಬಹುದು.

ಮೊದಲನೆಯದು ನೆಲದ ದಾರಿ. ತ್ರಿಕೋನಗಳಿಂದ ದೂರ ತಿಳಿಯಿತು. ಭೂಮಿಯ ಆಕಾರ ಗೊತ್ತಿದ್ದರೆ ಆ ದೂರಕ್ಕೆ ಎಷ್ಟು ಡಿಗ್ರಿ ಎಂದು ಲೆಕ್ಕ ಮಾಡಬಹುದು. ಎರಡನೆಯದು ಆಕಾಶದ ದಾರಿ. ಗೊತ್ತಾದ ಒಂದು ನಕ್ಷತ್ರ ನೆತ್ತಿಯ ಬಿಂದುವಿನಿಂದ, ಅಂದರೆ ಖಮಧ್ಯದಿಂದ, ಎಷ್ಟು ದೂರದಲ್ಲಿ ದಾಟುತ್ತದೆ ಎಂಬುದನ್ನು ಎರಡೂ ಊರುಗಳಲ್ಲಿ ನೋಡಿದರೆ ಅಕ್ಷಾಂಶಗಳ ಅಂತರ ನೇರವಾಗಿ ಸಿಗುತ್ತದೆ. ಕಲಿಯಾನದಲ್ಲಿ ಎವರೆಸ್ಟ್, ಕಲ್ಯಾಣಪುರದಲ್ಲಿ ಅವನ ಸಹಾಯಕ ಆ್ಯಂಡ್ರೂ ವಾ ಒಂದೇ ನಕ್ಷತ್ರಗಳನ್ನು ಏಕಕಾಲದಲ್ಲಿ ನೋಡಿ ಬರೆದುಕೊಂಡರು.

ನೆಲದ ದಾರಿ ಕೊಟ್ಟ ಉತ್ತರ 5 ಡಿಗ್ರಿ 23 ಮಿನಿಟು 42.294 ಸೆಕೆಂಡು. ಆಕಾಶದ ದಾರಿ ಕೊಟ್ಟದ್ದು 5 ಡಿಗ್ರಿ 23 ಮಿನಿಟು 37.058 ಸೆಕೆಂಡು. ವ್ಯತ್ಯಾಸ 5.236 ಸೆಕೆಂಡು. ನೆಲದ ಮೇಲೆ ಇದು ಸುಮಾರು 160 ಮೀಟರ್.

ಆರು ನೂರು ಕಿಲೊಮೀಟರಿನಲ್ಲಿ 160 ಮೀಟರ್ ತಾನೇ ಎನ್ನಬಹುದು. ಆದರೆ ಬೆಂಗಳೂರಿನ 3.7 ಇಂಚನ್ನು ನೆನಪಿಸಿಕೊಳ್ಳಿ. ಅಲ್ಲಿ ತಪ್ಪು ಲಕ್ಷಕ್ಕೆ ಒಂದು ಭಾಗಕ್ಕಿಂತ ಕಡಿಮೆ. ಇಲ್ಲಿ ನಾಲ್ಕು ಸಾವಿರಕ್ಕೆ ಒಂದು ಭಾಗಕ್ಕಿಂತ ಹೆಚ್ಚು. ಎವರೆಸ್ಟನ ಉಪಕರಣಗಳು ಲ್ಯಾಂಬ್ಟನ್ನನದ್ದಕ್ಕಿಂತ ಉತ್ತಮವಾದವು. ಅವನ ಕಾಲದ ಆಧಾರರೇಖೆಗಳೂ ಲೆಕ್ಕಕ್ಕೆ ಕೆಲವೇ ಇಂಚುಗಳಷ್ಟರ ಮಟ್ಟಿಗೆ ತಾಳೆಯಾಗಿದ್ದವು. ಹಾಗಿರುವಾಗ 160 ಮೀಟರ್ ಎಲ್ಲಿಂದ ಬಂತು?

ಎವರೆಸ್ಟ್ ಸಾಮಾನ್ಯನಲ್ಲ. ಪರ್ವತ ತೂಗುಗುಂಡನ್ನು ಸೆಳೆಯಬಹುದೆಂಬುದು ಅವನಿಗೆ ಗೊತ್ತಿತ್ತು. ಆ ಕಾರಣದಿಂದಲೇ ನಕ್ಷತ್ರ ವೀಕ್ಷಣೆಗೆ ಹಿಮಾಲಯದ ಬುಡವನ್ನು ಬಿಟ್ಟು ಬಯಲಿನ ಕಲಿಯಾನವನ್ನು ಆರಿಸಿದ್ದ. ಆದರೂ 1847ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅವನು ಈ ವ್ಯತ್ಯಾಸವನ್ನು ಅಳತೆಯ ತಪ್ಪೆಂದು ಬಗೆದು ತ್ರಿಕೋನಗಳ ಲೆಕ್ಕದೊಳಗೆ ಹಂಚಿಬಿಟ್ಟ. ನಾನು ಅವನನ್ನು ದೂರಲಾರೆ. ಪಿ.ಯು.ಸಿ. ಪ್ರಯೋಗಾಲಯದಲ್ಲಿ ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವಾಗ ನನಗೆ 940 ಬಂದಿತ್ತು. 980 ಬರಬೇಕೆಂಬುದು ತರಗತಿಯಲ್ಲಿ ಎಲ್ಲರಿಗೂ ಗೊತ್ತು. ನಾನು ಎರಡು ರೀಡಿಂಗುಗಳನ್ನು ‘ಸರಿ’ ಮಾಡಿ 978ಕ್ಕೆ ತಂದೆ, ಪೂರ್ತಿ ಅಂಕವೂ ಸಿಕ್ಕಿತು. ಲೋಲಕದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯುವ ಬದಲು ದಾರದ ತುದಿಯವರೆಗೆ ಮಾತ್ರ ಅಳೆದಿದ್ದೆನೆಂಬುದು ನನಗೆ ತಿಳಿದದ್ದು ನಾನೇ ಪಾಠ ಮಾಡಲು ನಿಂತ ಮೇಲೆ.

ವ್ಯತ್ಯಾಸವನ್ನು ಹಂಚಿಬಿಡಲು ಒಪ್ಪದವನು ಜಾನ್ ಹೆನ್ರಿ ಪ್ರ್ಯಾಟ್. ಇವನು ಸರ್ವೆಯವನಲ್ಲ, ಕಲ್ಕತ್ತೆಯ ಆರ್ಚ್‌ಡೀಕನ್, ಅಂದರೆ ಪಾದ್ರಿ. ಕೇಂಬ್ರಿಜ್‌ನಲ್ಲಿ ಗಣಿತ ಕಲಿತು ಮೇಲಿನ ಸ್ಥಾನದಲ್ಲಿ ತೇರ್ಗಡೆಯಾದವನು. ಅವನ ತರ್ಕ ಸರಳ. ಹಿಮಾಲಯ ತೂಗುಗುಂಡನ್ನು ಉತ್ತರಕ್ಕೆ ಸೆಳೆಯುತ್ತದೆ. ಗುಂಡು ಉತ್ತರಕ್ಕೆ ವಾಲಿದರೆ ದಾರದ ಮೇಲ್ತುದಿಯ ದಿಕ್ಕು, ಅಂದರೆ ನಾವು ‘ನೆತ್ತಿ’ ಎನ್ನುವ ಬಿಂದು, ಆಕಾಶದಲ್ಲಿ ದಕ್ಷಿಣಕ್ಕೆ ಸರಿಯುತ್ತದೆ. ಆಗ ಊರು ಇರುವುದಕ್ಕಿಂತ ದಕ್ಷಿಣದಲ್ಲಿರುವಂತೆ ತೋರುತ್ತದೆ. ಹಿಮಾಲಯಕ್ಕೆ ಹತ್ತಿರದ ಕಲಿಯಾನದಲ್ಲಿ ಇದು ಹೆಚ್ಚು, ದೂರದ ಕಲ್ಯಾಣಪುರದಲ್ಲಿ ಕಡಿಮೆ. ಆದ್ದರಿಂದಲೇ ಆಕಾಶದ ದಾರಿಯ ಉತ್ತರ ನೆಲದ ದಾರಿಯದಕ್ಕಿಂತ ಚಿಕ್ಕದು. ವ್ಯತ್ಯಾಸದ ದಿಕ್ಕು ಸರಿಯಾಗಿ ಹೊಂದಿತು. ಪ್ರಮಾಣ ಹೊಂದುವುದೇ?

ಅದನ್ನು ತಿಳಿಯಲು ಹಿಮಾಲಯದ ಮತ್ತು ಅದರಾಚೆಯ ಟಿಬೆಟ್ ಪ್ರಸ್ಥಭೂಮಿಯ ದ್ರವ್ಯರಾಶಿ ಎಷ್ಟೆಂದು ತಿಳಿಯಬೇಕು. ಟಿಬೆಟ್ಟನ್ನು ಅಳೆದವರಾರೂ ಇರಲಿಲ್ಲ. ಪ್ರವಾಸಿಗಳು ಬರೆದಿಟ್ಟ ಎತ್ತರಗಳನ್ನು ಕೂಡಿಸಿ, ಆ ಇಡೀ ನೆಲವನ್ನು ತುಂಡುತುಂಡಾಗಿ ವಿಭಾಗಿಸಿ, ಪ್ರತಿಯೊಂದು ತುಂಡಿನ ಸೆಳೆತವನ್ನೂ ಪ್ರ್ಯಾಟ್ ಕೈಯಲ್ಲೇ ಲೆಕ್ಕ ಹಾಕಿದ. ಬಂದ ಉತ್ತರ ಹೀಗಿತ್ತು: ಕಲಿಯಾನದಲ್ಲಿ 27.853 ಸೆಕೆಂಡು, ಕಲ್ಯಾಣಪುರದಲ್ಲಿ 11.968 ಸೆಕೆಂಡು. ಎರಡರ ವ್ಯತ್ಯಾಸ 15.885 ಸೆಕೆಂಡು.

ಬೇಕಾಗಿದ್ದದ್ದು ಐದು, ಬಂದದ್ದು ಹದಿನಾರು! ಮೂರು ಪಟ್ಟು. ಪ್ರ್ಯಾಟ್ ಟಿಬೆಟ್ಟಿನ ಎತ್ತರವನ್ನು ಕಡಿಮೆ ಮಾಡಿ ನೋಡಿದ, ಸಾಂದ್ರತೆಯನ್ನು ತಗ್ಗಿಸಿ ನೋಡಿದ. ಒಪ್ಪಬಹುದಾದ ಯಾವ ಬೆಲೆಯಿಂದಲೂ ಐದು ಬರಲಿಲ್ಲ. ಇಲ್ಲಿ ಅವನು ಎವರೆಸ್ಟನ ದಾರಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಹೊಂದದ ಲೆಕ್ಕವನ್ನು ಹೊಂದದ ಹಾಗೆಯೇ ಬರೆದು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ. 1855ರಲ್ಲಿ ಅದು ಪ್ರಕಟವಾಯಿತು. ತೊಡಕು ಹೀಗೆ ತಿರುವುಮುರುವಾಯಿತು: ಐದು ಸೆಕೆಂಡಿನ ತಪ್ಪು ಏಕೆ ಬಂತು ಎಂಬುದು ಹಳೆಯ ಪ್ರಶ್ನೆ, ಬರಬೇಕಾದ ಹದಿನಾರು ಏಕೆ ಬರಲಿಲ್ಲ ಎಂಬುದು ಹೊಸದು.

ಉತ್ತರ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಆಗಿನ ರಾಜ ಖಗೋಳಜ್ಞ ಜಾರ್ಜ್ ಏರಿ ಪ್ರ್ಯಾಟನ ಪ್ರಬಂಧವನ್ನು ಓದಿ ನಾಲ್ಕೇ ಪುಟಗಳ ಟಿಪ್ಪಣಿ ಬರೆದ. ಅದೇ ಸಂಪುಟದಲ್ಲಿ ಅದೂ ಅಚ್ಚಾಯಿತು. ಗುಂಡು ಕಡಿಮೆ ವಾಲಿದ್ದು ಆಶ್ಚರ್ಯವಲ್ಲ, ಹಾಗೆಯೇ ಆಗಬೇಕು ಎಂಬುದು ಅವನ ವಾದ. ಹಿಮಾಲಯದಂಥ ಭಾರವನ್ನು ಭೂಮಿಯ ತೊಗಟೆ ಮೇಜಿನಂತೆ ಹೊತ್ತು ನಿಲ್ಲಲಾರದು, ಮುರಿದುಹೋಗುತ್ತದೆ. ಪರ್ವತ ನಿಂತಿಲ್ಲ, ತೇಲುತ್ತಿದೆ. ನೀರಿನಲ್ಲಿ ತೇಲುವ ಮರದ ದಿಮ್ಮಿಗಳನ್ನು ನೋಡಿ ಎನ್ನುತ್ತಾನೆ ಏರಿ. ಒಂದು ದಿಮ್ಮಿ ಉಳಿದವುಗಳಿಗಿಂತ ಮೇಲಕ್ಕೆ ಎದ್ದು ಕಂಡರೆ ಅದು ಅಷ್ಟೇ ಹೆಚ್ಚು ಆಳಕ್ಕೂ ಮುಳುಗಿದೆ ಎಂದು ನಮಗೆ ಗೊತ್ತು. ಹಾಗೆಯೇ ಪರ್ವತದ ಕೆಳಗೆ ಹಗುರ ಶಿಲೆಯ ಬೇರೊಂದು ಭಾರದ ಪದರದೊಳಕ್ಕೆ ಇಳಿದಿದೆ. ಪರ್ವತದ ಮೇಲಿನ ಭಾಗ ಗುಂಡನ್ನು ಸೆಳೆಯುತ್ತದೆ ನಿಜ. ಆದರೆ ಕೆಳಗೆ ಭಾರದ ಶಿಲೆಯಿರಬೇಕಾದಲ್ಲಿ ಹಗುರ ಶಿಲೆಯಿರುವುದರಿಂದ ಆ ಸೆಳೆತದ ಬಹುಪಾಲು ಕಳೆದುಹೋಗುತ್ತದೆ. ಚಿಂಬೊರಾಸೊದಲ್ಲಿ ಬೂಗೇ ಕಂಡ ಕೊರತೆಗೂ ಇದೇ ಉತ್ತರ. ಪೊಳ್ಳಲ್ಲ, ಬೇರು.

ಈ ಬೇರಿನ ಆಳವನ್ನು ತರಗತಿಯ ಕರಿಹಲಗೆಯ ಮೇಲೆ ಲೆಕ್ಕ ಹಾಕಬಹುದು. ತೊಗಟೆಯ ಶಿಲೆಯ ಸಾಂದ್ರತೆ ಸುಮಾರು 2.7, ಕೆಳಗಿನ ಮ್ಯಾಂಟಲ್ ಪದರದ್ದು 3.3 ಎಂದುಕೊಳ್ಳಿ. ತೇಲುವ ವಸ್ತುವಿನ ನಿಯಮದಂತೆ ಬೇರಿನ ಆಳ = ಎತ್ತರ × 2.7 ÷ (3.3 − 2.7), ಅಂದರೆ ಎತ್ತರದ ನಾಲ್ಕೂವರೆ ಪಟ್ಟು. ಟಿಬೆಟ್ಟಿನ ಸರಾಸರಿ ಎತ್ತರ 5 ಕಿ.ಮೀ. ಎಂದಿಟ್ಟರೆ ಬೇರು ಇಪ್ಪತ್ತೆರಡೂವರೆ ಕಿ.ಮೀ. ಸಮುದ್ರಮಟ್ಟದ ನೆಲದಲ್ಲಿ ತೊಗಟೆ 35 ಕಿ.ಮೀ. ದಪ್ಪವಿದ್ದರೆ ಟಿಬೆಟ್ಟಿನಲ್ಲಿ ಒಟ್ಟು 62 ಕಿ.ಮೀ.ಗಿಂತ ಹೆಚ್ಚಿರಬೇಕು. ಭೂಕಂಪದ ಅಲೆಗಳಿಂದ ಅಳೆದಾಗ ಅಲ್ಲಿ ಸಿಗುವ ದಪ್ಪ ಸುಮಾರು 70 ಕಿ.ಮೀ. ದಿಮ್ಮಿಯ ಲೆಕ್ಕಕ್ಕೆ ಇದು ಕೆಟ್ಟ ಫಲಿತಾಂಶವೇನಲ್ಲ.

ಪ್ರ್ಯಾಟ್ ಮಾತ್ರ ಏರಿಯ ಉತ್ತರವನ್ನು ಒಪ್ಪಲಿಲ್ಲ. ತೊಗಟೆ ತೆಳುವಾಗಿ ದ್ರವದ ಮೇಲೆ ತೇಲುತ್ತಿದೆ ಎಂಬುದನ್ನು ಅವನು ನಂಬಲಾರದಾದ. 1859ರ ಹೊತ್ತಿಗೆ ತನ್ನದೇ ವಿವರಣೆ ಕೊಟ್ಟ: ಹಿಟ್ಟು ಉಬ್ಬಿದಾಗ ಹಗುರವಾಗುವಂತೆ, ಪರ್ವತದ ಕೆಳಗಿನ ಶಿಲೆ ಹಿಗ್ಗಿ ಸಾಂದ್ರತೆ ಕಡಿಮೆಯಾಗಿದೆ, ಆದ್ದರಿಂದಲೇ ನೆಲ ಮೇಲೆದ್ದಿದೆ, ಬೇರು ಎಂಬುದಿಲ್ಲ. (ಹಿಟ್ಟಿನ ಹೋಲಿಕೆ ನನ್ನದು.) ಇಬ್ಬರಲ್ಲಿ ಯಾರು ಸರಿ? ಇಬ್ಬರೂ, ಬೇರೆಬೇರೆ ಜಾಗಗಳಲ್ಲಿ. ಹಿಮಾಲಯ ಮತ್ತು ಟಿಬೆಟ್ಟಿನ ಮಟ್ಟಿಗೆ ಏರಿಯ ಬೇರು ನಿಜವಾಯಿತು. ಸಾಗರಮಧ್ಯದ ಏಣುಗಳು ಎತ್ತರವಾಗಿರುವುದು ಅಲ್ಲಿನ ಶಿಲೆ ಬಿಸಿಯಾಗಿ ಹಿಗ್ಗಿರುವುದರಿಂದ. ಅದು ಪ್ರ್ಯಾಟನ ಮಾತಿಗೆ ಹತ್ತಿರ. ಕೆಳಗಿರುವುದು ಏರಿ ಊಹಿಸಿದಂತೆ ದ್ರವವೂ ಅಲ್ಲ. ಮ್ಯಾಂಟಲ್ ಘನವೇ, ಆದರೆ ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ಮೆಲ್ಲಗೆ ಹರಿಯುತ್ತದೆ. ಈ ತೇಲುವ ಸಮತೋಲಕ್ಕೆ ಅಮೆರಿಕದ ಭೂವಿಜ್ಞಾನಿ ಡಟನ್ ಐಸೊಸ್ಟಸಿ ಎಂಬ ಹೆಸರು ಕೊಟ್ಟ. ನಮ್ಮ ಪುಸ್ತಕಗಳಲ್ಲಿ ಅದು ಸಮಸ್ಥಿತಿ.

ಏರಿಯ ಉತ್ತರ ಕಾಗದದ ಮೇಲಿನದು. ನೆಲದ ಮೇಲೆ ಪರೀಕ್ಷೆ ಬೇಕಿತ್ತು. ತೂಗುಗುಂಡು ಸೆಳೆತದ ದಿಕ್ಕನ್ನು ತೋರಿದರೆ ಲೋಲಕ ಸೆಳೆತದ ಬಲವನ್ನು ತೋರುತ್ತದೆ; ಗುರುತ್ವ ಕಡಿಮೆಯಿದ್ದಲ್ಲಿ ಅದು ನಿಧಾನವಾಗಿ ಆಡುತ್ತದೆ. ರಾಯಲ್ ಸೊಸೈಟಿ ಎರವಲು ಕೊಟ್ಟ ಹಿತ್ತಾಳೆಯ ಲೋಲಕಗಳೊಡನೆ ಸರ್ವೆಯ ಅಧಿಕಾರಿ ಜೇಮ್ಸ್ ಬಸೇವಿ 1865ರಲ್ಲಿ ಕೆಲಸಕ್ಕೆ ತೊಡಗಿದ. ಲೋಲಕವನ್ನು ಗಾಳಿ ತೆಗೆದ ಪಾತ್ರೆಯೊಳಗೆ ಆಡಿಸಿ, ಗಡಿಯಾರದೊಡನೆ ತಾಳೆ ನೋಡಿ, ದಿನಗಟ್ಟಲೆ ಎಣಿಸಬೇಕು. ಡೆಹ್ರಾಡೂನ್, ಮಸ್ಸೂರಿಗಳಿಂದ ಕನ್ಯಾಕುಮಾರಿಯವರೆಗೆ, ಕಡಲ ನಡುವಿನ ಮಿನಿಕಾಯ್ ದ್ವೀಪದವರೆಗೆ ಅವನು ಎಣಿಸಿದ. ಉಳಿದದ್ದು ಹಿಮಾಲಯದ ಒಳಭಾಗ. 1871ರ ಬೇಸಿಗೆಯಲ್ಲಿ ಲಡಾಖಿನ ಮೋರೆ ಬಯಲಿನಲ್ಲಿ, 15,000 ಅಡಿಗೂ ಮೇಲೆ, ಲೋಲಕ ಹೂಡಿ ಎಣಿಕೆ ಮುಗಿಸಿದ. ಆ ಎತ್ತರಕ್ಕೆ ಇರಬೇಕಾದ ಗುರುತ್ವಕ್ಕಿಂತ ಕಡಿಮೆ ಬಂತು. ಕಾಲ ಕೆಳಗೆ ಅಷ್ಟೊಂದು ಬಂಡೆಯಿದ್ದರೂ ಅದು ಇಲ್ಲವೇನೋ ಎಂಬಂತೆ ಲೋಲಕ ಆಡಿತು. ಇನ್ನೂ ಮುಂದಿನ ಒಂದು ಜಾಗದಲ್ಲಿ ಎಣಿಸಬೇಕೆಂದು ಹೊರಟ ಬಸೇವಿ ಚಳಿಗೂ ತೆಳುಗಾಳಿಗೂ ಸೋತು ಜುಲೈ 17ರಂದು ಅಲ್ಲೇ ಪ್ರಾಣಬಿಟ್ಟ. ಅವನಿಗೆ 39 ವರ್ಷ. ಉಳಿದ ಕೆಲಸವನ್ನು ಹೆವಿಸೈಡ್ ಎಂಬ ಇನ್ನೊಬ್ಬ ಅಧಿಕಾರಿ ಮುಗಿಸಿದ. ಅದೇ ವರ್ಷ ಡಿಸೆಂಬರಿನಲ್ಲಿ ಗಾಜೀಪುರದಲ್ಲಿ ಪ್ರ್ಯಾಟ್ ಕೂಡ ತೀರಿಕೊಂಡ.

ಆಮೇಲೂ ಲೆಕ್ಕ ಪೂರ್ತಿ ಹೊಂದಲಿಲ್ಲ. ಸರ್ವೆಯ ಮೂಲಬಿಂದುವಾದ ಕಲ್ಯಾಣಪುರದಲ್ಲೇ ಗುಂಡು ನೆಟ್ಟಗಿಲ್ಲ, ನೆಲದೊಳಗಿನ ಹೆಚ್ಚು ಸಾಂದ್ರತೆಯ ಭಾಗವೊಂದು ಅದನ್ನು ದಕ್ಷಿಣಕ್ಕೆ ಸೆಳೆಯುತ್ತಿದೆ ಎಂದು ಸಿಡ್ನಿ ಬರಾರ್ಡ್ 1901ರಲ್ಲಿ ತೋರಿಸಿದ. ಹಿಮಾಲಯ ಬರಿಯ ದಿಮ್ಮಿಯಂತೆ ತೇಲುತ್ತಿಲ್ಲ, ಅದರ ಭಾರದ ಒಂದು ಪಾಲನ್ನು ಕೆಳಕ್ಕೆ ಬಾಗಿರುವ ಭಾರತದ ಶಿಲಾಫಲಕ ಹೊತ್ತಿದೆ ಎಂಬುದು ಫಲಕಗಳ ಚಲನೆ ತಿಳಿದ ಮೇಲೆ ಸ್ಪಷ್ಟವಾಯಿತು. ಆ ಬಾಗಿದ ತಗ್ಗಿನಲ್ಲಿ ತುಂಬಿದ ಮಣ್ಣೇ ಗಂಗಾ ಬಯಲು.

ನಿಮ್ಮ ಶಾಲೆಯಲ್ಲಿ ಹಳೆಯ ಟೋಪೋಶೀಟ್ ಇದ್ದರೆ ಒಂದು ಚಟುವಟಿಕೆ ಮಾಡಿಸಬಹುದು. ಅದರಲ್ಲಿ ಸ್ಪಷ್ಟವಾಗಿ ಗುರುತಿಸಬಹುದಾದ ಒಂದು ಬಿಂದುವಿನ, ಉದಾಹರಣೆಗೆ ರೈಲು ಹಳಿ ಮತ್ತು ರಸ್ತೆ ದಾಟುವ ಜಾಗದ, ಅಕ್ಷಾಂಶ ರೇಖಾಂಶಗಳನ್ನು ಎಚ್ಚರದಿಂದ ಓದಿ ಬರೆದುಕೊಳ್ಳಿ. ಆಮೇಲೆ ಅದೇ ಜಾಗದಲ್ಲಿ ನಿಂತು ಮೊಬೈಲಿನ ಜಿ.ಪಿ.ಎಸ್. ತೋರುವ ಸಂಖ್ಯೆಗಳನ್ನು ನೋಡಿ. ಎರಡೂ ಹೊಂದುವುದಿಲ್ಲ, ನೂರಿನ್ನೂರು ಮೀಟರಿನಷ್ಟು ವ್ಯತ್ಯಾಸ ಬರುತ್ತದೆ. ಮಕ್ಕಳು ನಕ್ಷೆ ತಪ್ಪು ಎನ್ನಬಹುದು, ಇಲ್ಲವೇ ಮೊಬೈಲ್ ತಪ್ಪು ಎನ್ನಬಹುದು. ಹಳೆಯ ನಕ್ಷೆ ನಿಂತಿರುವುದು ಎವರೆಸ್ಟ್ ಲೆಕ್ಕ ಹಾಕಿದ ಭೂಮಿಯ ಆಕಾರದ ಮೇಲೆ ಮತ್ತು ಕಲ್ಯಾಣಪುರದ ಆ ಒಂದು ತೂಗುಗುಂಡಿನ ಮೇಲೆ, ಜಿ.ಪಿ.ಎಸ್. ಬಳಸುವುದು ಉಪಗ್ರಹಗಳಿಂದ ತಿಳಿದ ಇನ್ನೊಂದು ಆಕಾರವನ್ನು.